ಅಡ್ಡಿಯಿಲ್ಲ ಎಂದು ಅಚ್ಚಾದ ಖಾನಾವಳಿ

ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ಮೊದಲ ವರ್ಷಗಳವರೆಗೆ ಬೆಟಗೇರಿಯ ನಮ್ಮ ಮನೆಯಿಂದ ಒಂದು ಪುಸ್ತಕ ಹೊರಬರುತ್ತಿತ್ತು. ಪುಸ್ತಕ ಎಂದರೆ ದೊಡ್ಡ ಮಾತಾಯಿತು. ಅಂಗಿಯ ಮೇಲಿನ ಕಿಸೆಯಲ್ಲಿ ಹಿಡಿಸುವಷ್ಟು ಚಿಕ್ಕದು, ನಡುವೆ ತಂತಿಯ ಹೊಲಿಗೆ, ಹೊದಿಕೆಗೆ ಲಗ್ನಪತ್ರಿಕೆಯಲ್ಲಿ ಉಳಿದ ಗುಲಾಬಿ ಕಾಗದ. ಹೆಸರು ‘ಪರೂರಿನ ಊಟ’. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ಊರುಗಳಿಗೆ ಕೆಲಸದ ಮೇಲೆ ಬಂದವರು ಎಲ್ಲಿ ಉಣ್ಣಬೇಕು, ಎಲ್ಲಿ ಬರೀ ಚಹಾ ಕುಡಿದು ಎದ್ದು ಬರಬೇಕು ಎಂದು ಹೇಳುವುದಷ್ಟೇ ಅದರ ಕೆಲಸ. ಬರೆಯುತ್ತಿದ್ದವರು ಕಾಕಾ, ನಮ್ಮ ಅಪ್ಪನ ತಮ್ಮ. ಅಚ್ಚು ಹಾಕುತ್ತಿದ್ದವರು ಅಪ್ಪ. ಅಚ್ಚಿಗೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವಳು ನಾನು.

ಮನೆಯ ಪಡಸಾಲೆಯೇ ಛಾಪಖಾನೆ. ಕಾಲಿನಿಂದ ತುಳಿಯುವ ಒಂದು ಯಂತ್ರ, ಗೋಡೆಗುಂಟ ಮೊಳೆಯ ಖಾನೆಗಳು, ಕಿಟಕಿಯ ಕೆಳಗೆ ಕಾಗದದ ಕಟ್ಟುಗಳು. ಲಗ್ನಪತ್ರಿಕೆ, ಹತ್ತಿ ಅಡತಿ ಅಂಗಡಿಗಳ ಪಾವತಿ ಪುಸ್ತಕ, ಸಿನಿಮಾದ ಹಸಿರು ಹಳದಿ ಕರಪತ್ರ, ಇವೇ ನಮ್ಮ ಅನ್ನ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲೇ ಇದ್ದೆ. ವರ ನೋಡುವ ಮಾತು ನಡೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು. ಆ ಬಿಡುವಿನಲ್ಲಿ ಅಪ್ಪ ನನಗೆ ಮೊಳೆ ಜೋಡಿಸುವುದನ್ನು ಕಲಿಸಿದರು. ಅಕ್ಷರಗಳನ್ನು ತಿರುವು ಮುರುವಾಗಿ ಓದುವ ರೂಢಿ ಬಿದ್ದು, ಸರಿಯಾಗಿ ಬರೆದದ್ದನ್ನು ಓದುವಾಗ ನನಗೆ ಒಂದು ಕ್ಷಣ ಹೆಚ್ಚೇ ಬೇಕಾಗುತ್ತಿತ್ತು.

ಕಾಕಾ ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರ ಕಡೆ ಕೆಲಸಕ್ಕಿದ್ದರು. ನಮೂನೆಯ ಸೀರೆಗಳ ಗಂಟು ಹೊತ್ತು ವಾರದಲ್ಲಿ ಬಹುತೇಕ ದಿನ ಬಸ್ಸಿನಲ್ಲೇ ಇರುತ್ತಿದ್ದರು. ಒಂದು ದಿನ ಶಿರಹಟ್ಟಿ, ಒಂದು ದಿನ ಮುಂಡರಗಿ, ಲಕ್ಷ್ಮೇಶ್ವರಕ್ಕೆ ಹೋದರೆ ಶಿಗ್ಲಿ, ಬಾಳೆಹೊಸೂರ ಕಡೆಗೂ ಒಂದು ಸುತ್ತು. ಮೊದಮೊದಲು ಕಂಡಲ್ಲಿ ಉಂಡು ಹೊಟ್ಟೆ ಕೆಡಿಸಿಕೊಂಡರು. ಆಮೇಲೆ ಹುಷಾರಾದರು. ಯಾವ ಊರಿನ ಯಾವ ಖಾನಾವಳಿಯಲ್ಲಿ ಸಾರನ್ನು ಮತ್ತೆ ಮತ್ತೆ ಕಾಯಿಸುತ್ತಾರೆ, ಯಾರ ಮನೆಯ ರೊಟ್ಟಿ ತಾಟಿಗೆ ಬಿದ್ದಾಗ ಇನ್ನೂ ಉಸಿರಾಡುತ್ತಿರುತ್ತದೆ, ಇದೆಲ್ಲ ಅವರ ಬಾಯಲ್ಲಿತ್ತು. ಬಸ್ಸಿನಲ್ಲಿ ಜೊತೆಯಾದ ಔಷಧಿ ಕಂಪನಿಯವರು, ವರ್ಗವಾಗಿ ಬಂದ ಮಾಸ್ತರರು, ಕೋರ್ಟಿಗೆ ಹೊರಟವರು ಅವರನ್ನು ಕೇಳುವರು, ಅವರು ಹೇಳುವರು. ಹೇಳಿ ಹೇಳಿ ಬೇಸತ್ತು ಒಂದು ದಿನ ಮನೆಗೆ ಬಂದು ಅಪ್ಪನ ಮುಂದೆ ಕುಳಿತರು.

"ಅಣ್ಣಾ, ಇದನ್ನೊಂದು ಅಚ್ಚು ಹಾಕಿಬಿಡು. ಕೇಳಿದಾವರ ಕೈಯಾಗ ಕೊಟ್ಟು ನಾ ಕಿಟಕಿ ಕಡೆ ಹೊಳ್ಳಿ ನಿದ್ದಿ ಮಾಡ್ತೇನಿ."

ಅಪ್ಪ ಒಪ್ಪಿದರು, ಆದರೆ ಅವರೊಳಗಿನ ವ್ಯಾಪಾರಿ ಸುಮ್ಮನಿರಲಿಲ್ಲ.

"ಪುಟಕ್ಕೊಂದು ಜಾಹೀರಾತು ಹಾಕೂಣು. ಹೊಟೇಲ್‌ನಾವರು ತಾವಾಗೇ ಕೊಡ್ತಾರ. ಕಾಗದದ ಖರ್ಚರ ಬರ್ತೈತಿ."

"ಅವರ ಉಪ್ಪು ಉಂಡು, ನಿಮ್ಮ ಪಲ್ಲೆದಾಗ ಉಪ್ಪು ಹೆಚ್ಚಾಗೇತಿ ಅಂತ ಹೆಂಗ ಬರೀಲಿ?"

"ಬರೀಬ್ಯಾಡ. ಸುಮ್ಕಿರು."

"ಸುಮ್ಕಿರಾಕ ಪುಸ್ತಕ ಯಾಕ ಬೇಕು?"

ಜಾಹೀರಾತು ಬರಲಿಲ್ಲ. ಕಡೆಯವರೆಗೂ ಬರಲಿಲ್ಲ. ಕಾಕಾ ತಮಗೆ ತಾವೇ ಕೆಲವು ಕಟ್ಟಳೆ ಹಾಕಿಕೊಂಡರು. ಉಂಡದ್ದಕ್ಕೆ ತಾನೇ ಹಣ ಕೊಡಬೇಕು. ಒಂದೇ ಸಲ ಉಂಡು ಬರೆಯಬಾರದು. ಎಲ್ಲಕ್ಕಿಂತ ಮುಖ್ಯ, ಬರೆಯುವವನು ಯಾರೆಂದು ಯಾವ ಮಾಲಕನಿಗೂ ತಿಳಿಯಬಾರದು. ತಿಳಿದ ದಿನ ತಾಟಿಗೆ ತುಪ್ಪ ಹೆಚ್ಚು ಬೀಳುತ್ತದೆ, ಬೀಳುವ ತುಪ್ಪ ಎಲ್ಲರಿಗೂ ಬೀಳುವುದಿಲ್ಲ ಎನ್ನುವುದು ಅವರ ವಾದ. ಹೊಟೇಲಿನಲ್ಲಿ ಯಾರಾದರೂ ಆ ಗುಲಾಬಿ ಪುಸ್ತಕ ತೆಗೆದು, "ಇದನ್ನ ಯಾರು ಬರೀತಾರಂತ್ರಿ?" ಎಂದರೆ, "ಯಾವನೋ ಕೆಲಸಿಲ್ಲದಾವ ಇರಬೇಕು" ಎಂದು ಎದುರಿಗೇ ಬೈಯುತ್ತಿದ್ದರು. ಅದನ್ನು ಮನೆಗೆ ಬಂದು ಹೇಳುವಾಗ ಅವರಿಗಾಗುತ್ತಿದ್ದ ಸಂತೋಷ ಪುಸ್ತಕ ಮಾರಾಟವಾದಾಗಲೂ ಆಗುತ್ತಿರಲಿಲ್ಲ.

ಪುಸ್ತಕದ ಮೇಲೆ ಹೆಸರಿದ್ದದ್ದು ಛಾಪಖಾನೆಯದೊಂದೇ.

ಇನ್ನು ಭಾಷೆಯ ವಿಷಯ. ಅಪ್ಪ ಪುಸ್ತಕದ ಭಾಷೆಯಲ್ಲಿ ಬರೆ ಎಂದರು. ಕಾಕಾ ಹೇಳಿದ್ದು, ನಾನು ಜೋಡಿಸಿದ್ದು ಮನೆಯ ಮಾತನ್ನೇ. ಆ ಮಾತು ಬಂದದ್ದು ನಮ್ಮ ಆಯಿಯಿಂದ, ಎಂದರೆ ಅಪ್ಪನ ತಾಯಿಯಿಂದ. ಆಯಿ ಆಗ ಇರಲಿಲ್ಲ. ಆದರೆ ಅಡುಗೆಯ ಬಗ್ಗೆ ಅವಳು ಆಡಿದ ಮಾತುಗಳ ತೂಕ ನಮ್ಮೆಲ್ಲರ ಕಿವಿಯಲ್ಲಿತ್ತು. ಬೀಗರ ಮನೆಯಲ್ಲಿ ಉಂಡು ಎದ್ದಾಗ ಆಯಿ, "ಭಾಳ ಚಲೋ ಆಗಿತ್ತವಾ, ನಿಮ್ಮನ್ಯಾಗ ನೀರು ಎಷ್ಟು ತಣ್ಣಗ ಅದಾವು!" ಎಂದಳೆಂದರೆ ದಾರಿಯಲ್ಲಿ ನಾವು ನಗು ತಡೆದುಕೊಂಡು ನಡೆಯುತ್ತಿದ್ದೆವು. ನೀರು ಹೊಗಳಿದಳೆಂದರೆ ಅಡುಗೆ ಕೆಟ್ಟಿತ್ತು ಎಂದರ್ಥ. ಉಂಡ ಮನೆಯನ್ನು ಬೈಯಬಾರದು, ಸುಳ್ಳನ್ನೂ ಹೇಳಬಾರದು, ಹಾಗಾಗಿ ನೀರು, ಗಾಳಿ, ತೊಳೆದ ತಾಟು, ಮನೆಯವರ ನಗುಮುಖ, ಹೀಗೆ ಹೊಗಳಲು ಬರುವುದೇನಾದರೂ ಇದ್ದೇ ಇರುತ್ತಿತ್ತು. ಅದೇ ತನ್ನ ಸೊಸೆ ಮಾಡಿದ ಬದನೆಕಾಯಿ ಎಣಗಾಯಿ ನಿಜಕ್ಕೂ ಹದವಾಗಿ ಕೂಡಿಬಂದ ದಿನ ಆಯಿ ಏನೂ ಹೇಳುತ್ತಿರಲಿಲ್ಲ. ಕೊನೆಗೆ ಕೈ ತೊಳೆಯುವಾಗ, ಕತ್ತನ್ನು ಒಂದಿಷ್ಟು ಓರೆ ಮಾಡಿ, ನಡುವಿನ ಅಕ್ಷರವನ್ನು ಎಳೆದು, "ಅಡ್ಡೀಯಿಲ್ಲ" ಎನ್ನುವಳು. ನಮ್ಮವ್ವ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ವಾರಗಟ್ಟಲೆ ಓಡಾಡುತ್ತಿದ್ದಳು. ಬಾಯಿ ತುಂಬ ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ ಅದರ ಹಿಂದೆ ಇದ್ದಿರಬಹುದು.

ಕಾಕಾ ಬರೆದದ್ದೂ ಹೀಗೇ. ಕೆಟ್ಟ ಊಟದ ಜಾಗಕ್ಕೆ ‘ಚಲೋ ಐತಿ’ ಎಂದು ಬರೆದು, ಪಕ್ಕದಲ್ಲಿ ನೀರನ್ನೋ ಬೆಂಚನ್ನೋ ಹೊಗಳುವರು. ಸಾಧಾರಣವಾದದ್ದಕ್ಕೆ ‘ನಡೀತೈತಿ’, ಜೊತೆಗೆ ಏನು ತಿನ್ನಬಹುದು ಎಂಬ ಒಂದು ಸಾಲು. ಎಲ್ಲಕ್ಕೂ ಮೇಲಿನದಕ್ಕೆ ‘ಅಡ್ಡಿಯಿಲ್ಲ’ ಎಂಬ ಒಂದೇ ಮಾತು, ಮುಂದೆ ಪೂರ್ಣವಿರಾಮ. ಇದರ ಅರ್ಥ ಇದು ಎಂದು ಪುಸ್ತಕದಲ್ಲಿ ಎಲ್ಲೂ ಹೇಳಿರಲಿಲ್ಲ. ಹೇಳಬೇಕು ಎಂದು ಮೂವರಿಗೂ ಹೊಳೆಯಲಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಆಯಿ ಇರುತ್ತಾಳೆ, ಅವಳೂ ಹೀಗೇ ಅನ್ನುತ್ತಾಳೆ ಎಂದುಕೊಂಡಿದ್ದೆವು. ಊರಿನವರಿಗೆ ಅದು ತಿಳಿಯಿತು ಕೂಡ. ಗದಗಿನ ರೇಲ್ವೆ ಸ್ಟೇಷನ್ನಿನ ಹೊರಗೆ ಒಬ್ಬರು ಪುಸ್ತಕ ತೆರೆದು, "ಇಲ್ಲಿ ಬ್ಯಾಡಪಾ, ನೀರು ತಣ್ಣಗ ಅದಾವಂತ" ಎಂದು ಜೊತೆಯವರನ್ನು ಎಳೆದುಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ.

ನನ್ನದೂ ಒಂದು ಪಾಲು ಆ ಪುಸ್ತಕದಲ್ಲಿ ಸೇರಿತು. ಎರಡನೆಯ ಅಚ್ಚಿನ ಹೊತ್ತಿಗೆ, "ಹೆಣ್ಣಮಕ್ಕಳು ಒಬ್ಬಾಕಿನ ಹೋದ್ರ ಕುಂಡ್ರಾಕ ಜಾಗ ಐತೋ ಇಲ್ಲೋ, ಅದನ್ನೂ ಬರೀರಿ" ಎಂದೆ. ಕಾಕಾ, "ಅದನ್ನ ನಾ ಹೆಂಗ ನೋಡ್ಲಿ? ನೀನ ನೋಡು" ಎಂದರು. ಹಾಗಾಗಿ ಕೆಲವು ಸಲ ಅವರ ಜೊತೆ ಬಸ್ಸಿನಲ್ಲಿ ಹೋಗಿ, ಬೇರೆ ಬೇರೆಯಾಗಿ ಒಳಗೆ ಹೊಕ್ಕು, ಪರದೆ ಕಟ್ಟಿದ ಫ್ಯಾಮಿಲಿ ರೂಮಿನಲ್ಲಿ ಒಬ್ಬಳೇ ಕುಳಿತು ಉಂಡು ಬಂದಿದ್ದೇನೆ. ಪರದೆಗಳ ಬಗ್ಗೆಯೇ ಒಂದು ಪುಸ್ತಕ ಬರೆಯಬಹುದಿತ್ತು. ಅದರ ಮಾತು ಇಲ್ಲಿ ಬೇಡ.

ಲಕ್ಷ್ಮೇಶ್ವರದಲ್ಲಿ ‘ಅಡ್ಡಿಯಿಲ್ಲ’ ಪಡೆದದ್ದು ಒಂದೇ ಖಾನಾವಳಿ. ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬೋರ್ಡಿಲ್ಲದ ಒಂದು ಮಣ್ಣಿನ ಮಾಳಿಗೆ ಮನೆ. ನಡೆಸುತ್ತಿದ್ದಾಕೆ ಐವತ್ತರ ಆಚೀಚಿನ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಲೆಯ ಮುಂದೆ ಕುಳಿತವರು, ಎಲ್ಲರೂ ಅವ್ವಾರು ಎಂದೇ ಕರೆಯುತ್ತಿದ್ದರು. ಅವರ ರೊಟ್ಟಿಯನ್ನು ನಾನೂ ಉಂಡಿದ್ದೆ. ತೆಳ್ಳಗೆ, ಅಂಚು ಎಲ್ಲೂ ಒಡೆಯದೆ ದುಂಡಗೆ. ತಾಟಿನಲ್ಲಿ ಎಣಗಾಯಿ, ಕಾಳಿನ ಪಲ್ಲೆ, ಗುರೆಳ್ಳ ಹಿಂಡಿ ಎಂಬ ಖಾರದ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಇನ್ನೊಂದು ಬೇಕೇ ಎಂದು ಅವರು ಕೇಳುತ್ತಿರಲಿಲ್ಲ. ಉಣ್ಣುವವರ ಕೈ ತಾಟಿನ ಅಂಚಿಗೆ ಬಂದು ನಿಂತಿತೋ ಇಲ್ಲವೋ ನೋಡಿ ತಾವೇ ನೀಡುತ್ತಿದ್ದರು ಅಥವಾ ಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ನಮ್ಮ ಪಡಸಾಲೆಗೆ ಬಂದರು. ಅಪ್ಪ ಯಂತ್ರ ತುಳಿಯುತ್ತಿದ್ದರು. ಬಂದವರು ಕಾಗದದ ಕಟ್ಟಿನ ಮೇಲೆ ಕುಳಿತು, ಕೈಚೀಲದಿಂದ ಗುಲಾಬಿ ಪುಸ್ತಕ ತೆಗೆದರು.

"ಇದನ್ನ ಬರದಾವರು ಯಾರ್ರಿ?"

ಅಪ್ಪ ಯಂತ್ರ ನಿಲ್ಲಿಸದೆ, "ನಮಗ ಗೊತ್ತಿಲ್ರಿ. ನಾವು ಅಚ್ಚು ಹಾಕಾವರು" ಎಂದರು.

"ಅಚ್ಚು ಹಾಕಾವರಿಗೆ ತಂದು ಕೊಟ್ಟಾವರು ಯಾರಂತ ಗೊತ್ತಿರೂದಿಲ್ಲೇನ್ರಿ? ಹಾದ್ಯಾಗ ಬಿದ್ದಿತ್ತೇನು?"

ಅಷ್ಟರಲ್ಲಿ ಕಾಕಾ ಊಟ ಮುಗಿಸಿ, ಟಾವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಒಳಮನೆಯಿಂದ ಬಂದರು. ಅವ್ವಾರು ಕುಳಿತಲ್ಲೇ ಅವರತ್ತ ತಿರುಗಿದರು.

"ಅಯ್ಯ, ಸೀರಿ ಗಂಟಿನ ಯಣ್ಣಾ! ನೀವೇನು ಇಲ್ಲೆ?"

"ಇದ ನಮ್ಮ ಮನಿ ಐತಲ್ರಿ ಅವ್ವಾರ" ಎಂದರು ಕಾಕಾ.

ಅವ್ವಾರು ಅವರನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. ತಿಳಿಯಿತೋ ಇಲ್ಲವೋ, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಬಂದ ಕೆಲಸ ಹೇಳತೊಡಗಿದರು.

ಬಸ್ ಸ್ಟ್ಯಾಂಡು ಊರ ಹೊರಗಿನ ಹೊಸ ಜಾಗಕ್ಕೆ ಹೋಗಿತ್ತು. ಓಣಿಗೆ ಬರುವ ಮಂದಿ ಕಡಿಮೆಯಾಗಿ ಖಾನಾವಳಿ ಸೊರಗಿತ್ತು. ಈಗ ಸರಕಾರದ ಸರ್ವೆ ಮಾಡುವ ಮಂದಿ ಲಕ್ಷ್ಮೇಶ್ವರದಲ್ಲಿ ಬಹಳ ದಿನ ಬಿಡಾರ ಹೂಡುವವರಿದ್ದರು. ಅವರೆಲ್ಲರ ಎರಡು ಹೊತ್ತಿನ ಊಟ ಯಾರಿಗೆ ಒಪ್ಪಿಸಬೇಕೆಂದು ಅವರ ಸಾಹೇಬರು ಮುಂಚಿತವಾಗಿ ಬಂದು ನೋಡುತ್ತಿದ್ದರು. ಅದು ಸಿಕ್ಕರೆ ಒಲೆ ಉರಿಯುತ್ತದೆ. ಸಿಗದಿದ್ದರೆ ಮನೆಗೆ ಬೀಗ ಹಾಕಿ ಶಿಗ್ಲಿಯ ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಕೈಕೆಳಗೆ ಇರಬೇಕು. ಅಣ್ಣ ಬಾ ಎಂದು ಹೇಳಿಕಳಿಸಿಯೂ ಆಗಿತ್ತು.

"ನಮ್ಮಣ್ಣ ಚಲೋನ ಅದಾನ. ನಮ್ಮ ವೈನೀನೂ ಚಲೋನ ಅದಾಳ" ಎಂದರು ಅವ್ವಾರು. "ಅವರ ಮನ್ಯಾಗ ನೀರು ಭಾಳ ತಣ್ಣಗ ಅದಾವು."

ಕಾಕಾ ನಕ್ಕರು. ಅಪ್ಪನ ಕಾಲು ಯಂತ್ರದ ಮೇಲೆ ತಾನಾಗಿ ನಿಂತಿತು.

"ಸಾಹೇಬ್ರು ಮೈಸೂರು ಕಡ್ಯಾವರು" ಎಂದು ಅವ್ವಾರು ಮುಂದುವರಿಸಿದರು. "ಈ ಪುಸ್ತಕ ಕೈಯಾಗ ಹಿಡಕೊಂಡು ಕುಂತಾರ. ‘ಇದರಾಗ ನಿಮಗ ಅಡ್ಡಿಯಿಲ್ಲ ಅಂತ ಐತಿ, ಹೊಸ ಸ್ಟ್ಯಾಂಡಿನ ಹೊಟೇಲಿಗೆ ಚಲೋ ಅಂತ ಐತಿ, ಅಲ್ಲೆ ಕೊಡ್ತೀನಿ’ ಅಂದ್ರು. ಓದಿ ತೋರ್ಸಿದ್ರು ಯಣ್ಣಾ. ತಹಶೀಲ್ದಾರ್ ಕಚೇರ್ಯಾಗ ಅರ್ಜಿ ಮ್ಯಾಲೆ ಬರೀತಾರಲ್ಲ, ಅಡ್ಡಿಯಿಲ್ಲ ಅಂತ, ಹಂಗ ಓದಿದ್ರು. ನನಗೂ ಕೇಳಿ ಕೇಳಿ, ಹೌದೇನೋ, ನನ್ನ ರೊಟ್ಟಿ ಅಷ್ಟರಾಗ ಅದಾವೇನೋ ಅನಸಾಕತ್ತು."

ಅಪ್ಪ ಕೈಗಂಟಿದ ಮಸಿ ಒರೆಸಿಕೊಳ್ಳುತ್ತ, "ಮುಂದಿನ ಅಚ್ಚಿನ್ಯಾಗ ತಿದ್ದಿಸಬಹುದ್ರಿ" ಎಂದರು.

"ತಿದ್ದೂದು ಬ್ಯಾಡ್ರಿ. ತಿದ್ದಿದ್ರ ನಾನ ಹೇಳಿ ಬರಸೇನಿ ಅಂತಾರ. ಒಂದು ಸಲ ಉಂಡು ನೋಡ್ರಿ ಅಂದ್ರ ಸಾಹೇಬ್ರು, ‘ಎಲ್ಲಾ ಹೊಟೇಲ್‌ನಾವರೂ ಹಂಗ ಅಂತಾರ, ಎಲ್ಲಾರ ಮನ್ಯಾಗ ಉಣಕೋತ ಕುಂಡ್ರಲೇನು? ಬರದಾವರು ಬಂದು ಹೇಳಿದ್ರ ನೋಡೂಣು’ ಅಂದ್ರು. ಅದಕ್ಕ ಬಂದೇನಿ. ಬರದಾಂವ ಬಂದು, ಅದ ಮಾತು, ಬಾಯಿಲೆ ಅನ್ನಲಿ. ಮತ್ತೇನೂ ಬ್ಯಾಡ."

ಇಷ್ಟು ಹೇಳಿ ಎದ್ದು, ಕಾಕಾನ ಕಡೆ ನೋಡದೆ, ನನ್ನ ಕಡೆ ನೋಡಿ, "ಬರ್ತೇನವಾ ತಂಗಿ" ಎಂದು ಹೊರಟರು. ಚಹಾ ಕುಡಿಯಿರಿ ಎಂದರೂ ನಿಲ್ಲಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಅವತ್ತು ಸಂಜೆ ಅಣ್ಣ ತಮ್ಮಂದಿರ ನಡುವೆ ವಾದ ನಡೆಯಿತು.

"ಹೋಗಬ್ಯಾಡ" ಎಂದರು ಅಪ್ಪ. "ಒಬ್ಬ ಮಾಲಕಗ ಮುಖ ತೋರಿಸಿದ್ರ ನಾಕೂ ಊರಾಗ ಖಬರ ಆಗ್ತೈತಿ. ಪುಸ್ತಕ ಮುಗೀತು ತಿಳಿ."

"ಅಕಿ ಸುಳ್ಳು ಹೇಳಂದಿಲ್ಲಲ್ಲ."

"ಇಲ್ಲ."

"ತಿದ್ದಂದಿಲ್ಲ."

"ಇಲ್ಲೋ ಮಾರಾಯಾ."

"ನಾ ಬರದದ್ದು ಅವರಿಗೆ ತಿಳೀಲಿಲ್ಲ ಅಂದ್ರ, ತಿಳಿಯೂ ಹಂಗ ಹೇಳೂದು ಯಾರ ಕೆಲಸ? ಓದಾವರದೇನು?"

ಅಪ್ಪ ಗುಲಾಬಿ ಪುಸ್ತಕದ ಮೊದಲ ಪುಟ ತಿರುವಿ, "ಅರ್ಥ ಹೇಳೂ ಒಂದು ಪುಟ ಮೊದಲ ಹಾಕಬೇಕಿತ್ತು" ಎಂದರು. ಹಾಕಬೇಕಿತ್ತು, ನಿಜ. ಆದರೆ ಹಾಗೆ ಅರ್ಥ ಬಿಡಿಸಿ ಹೇಳಿದ್ದರೆ ನೀರು ತಣ್ಣಗಿದ್ದ ಹೊಟೇಲಿನವರು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು ಎಂಬುದೂ ನಿಜ.

ಆ ಭಾನುವಾರ ಕಾಕಾ ಲಕ್ಷ್ಮೇಶ್ವರಕ್ಕೆ ಹೊರಟರು. ಸೀರೆ ಗಂಟು ಇಲ್ಲದೆ ಅವರು ಬಸ್ಸು ಹತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನೂ ಜೊತೆಗೆ ಹೋದೆ. ಸಾಹೇಬರು ಬಾಡಿಗೆಗೆ ಹಿಡಿದ ಮನೆಯ ಮುಂದಿನ ಕೋಣೆಯಲ್ಲಿ ನಕಾಶೆಗಳ ನಡುವೆ ಕುಳಿತಿದ್ದರು. ಬರೆದವನು ನಾನೇ ಎಂದು ಕಾಕಾ ಹೇಳಿದಾಗ ಅವರು ಎದ್ದು ನಿಂತು ಕೈ ಮುಗಿದರು. ಕಾಕಾ ಇದನ್ನು ನಿರೀಕ್ಷಿಸಿರಲಿಲ್ಲ.

"ನೋಡಿ, ಇದರಲ್ಲಿ ಒಂದೂ ಜಾಹೀರಾತಿಲ್ಲ. ಅದಕ್ಕೇ ನಂಬಿದೆ" ಎಂದರು ಸಾಹೇಬರು. "ನೀವು ಅಡ್ಡಿಯಿಲ್ಲ ಅಂತ ಬರೆದಿದೀರಿ. ಅಂದ್ರೆ ಪರವಾಗಿಲ್ಲ, ತಿನ್ನಬಹುದು ಅಂತ ತಾನೆ?"

"ಹೊಸ ಸ್ಟ್ಯಾಂಡಿನ ಹೊಟೇಲ್‌ನಾಗ ಉಂಡೀರೇನ್ರಿ?"

"ಇಲ್ಲ, ನೋಡಿಕೊಂಡು ಬಂದೆ. ನೀವು ಬರೆದ ಹಾಗೇ ಇದೆ. ಗಾಳಿ ಬೆಳಕು ತುಂಬ ಚೆನ್ನಾಗಿದೆ. ಮಾಲೀಕರೂ ಮರ್ಯಾದಸ್ಥರು."

"ಹೌದ್ರಿ. ನಾವು ಸುಳ್ಳು ಬರಿಯೂದಿಲ್ರಿ" ಎಂದರು ಕಾಕಾ. "ಈಗ ಊಟದ ಹೊತ್ತಾತು. ಅವ್ವಾರ ಮನಿಗೆ ಹೋಗೂಣು ಬರ್ರಿ. ಉಂಡ ಮ್ಯಾಲೆ ನಾ ಹೇಳ್ತೇನಿ."

ಖಾನಾವಳಿಯಲ್ಲಿ ಅವ್ವಾರು ನಮ್ಮನ್ನು ಕಂಡು ಬನ್ನಿ ಎಂದರೇ ಹೊರತು ಬೇರೆ ಸಡಗರ ಮಾಡಲಿಲ್ಲ. ಅವತ್ತು ಹೆಚ್ಚಿನ ಪಲ್ಲೆ ಇರಲಿಲ್ಲ, ಸಿಹಿ ಇರಲಿಲ್ಲ. ಉಳಿದವರಿಗೆ ಬಿದ್ದದ್ದೇ ಸಾಹೇಬರ ತಾಟಿಗೂ ಬಿತ್ತು. ರೊಟ್ಟಿ ಬಡಿಯುವ ಸಪ್ಪಳ ಒಳಗಿನಿಂದ ಒಂದೇ ಸಮ ಬರುತ್ತಿತ್ತು. ಸಾಹೇಬರಿಗೆ ಮೊದಲು ರೊಟ್ಟಿ ಮುರಿಯುವ ಕೈ ಗೊತ್ತಾಗಲಿಲ್ಲ. ದೊಡ್ಡ ದೊಡ್ಡ ತುಂಡು ಮಾಡಿ ಎಣಗಾಯಿಯಲ್ಲಿ ಅದ್ದಿದರು. ಎರಡನೆಯ ರೊಟ್ಟಿಗೆ ಸಣ್ಣ ತುಂಡಾದವು. ಮೂರನೆಯದು ಬಿದ್ದಾಗ ಅವರು ಬೇಡ ಎನ್ನಲಿಲ್ಲ. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮೊಸರು ಹಾಕಿಕೊಂಡು ಮುಂದುವರಿಸಿದರು.

ಕಾಕಾ ಕೊನೆಯ ತುತ್ತು ಮುಗಿಸಿ, ತಂಬಿಗೆಯ ನೀರು ಕುಡಿದು, ಗೋಡೆಗೆ ಒರಗಿದರು. ಕತ್ತು ಓರೆ ಮಾಡಿದರು. ನಮ್ಮ ಆಯಿಯ ಕಡೆಯ ಮಗ ಅವರು, ಅದು ಅವರಿಗೆ ಕಲಿತು ಬಂದದ್ದಲ್ಲ.

"ಅಡ್ಡೀ…ಯಿಲ್ಲ" ಎಂದರು.

ಸಾಹೇಬರು ಕೈ ತಾಟಿನಲ್ಲೇ ಇಟ್ಟುಕೊಂಡು ಅವರ ಮುಖ ನೋಡಿದರು. "ಓಹೋ" ಎಂದರು. ತಾಟನ್ನೊಮ್ಮೆ ನೋಡಿ ಮತ್ತೆ, "ಓಹೋ, ಹೀಗಾ!" ಎಂದು ನಗತೊಡಗಿದರು. ತಾವೂ ಒಮ್ಮೆ ಕತ್ತು ಓರೆ ಮಾಡಿ ಆ ಮಾತನ್ನು ಎಳೆದು ನೋಡಿದರು. ಅವರ ಬಾಯಲ್ಲಿ ಅದು ಇನ್ನೂ ಕಚೇರಿಯ ಅರ್ಜಿಯ ಹಾಗೇ ಕೇಳಿಸಿತು. ಒಲೆಯ ಮುಂದಿದ್ದ ಅವ್ವಾರೂ, ಬಡಿಸಲು ಬರುತ್ತಿದ್ದ ಹೆಂಗಸೂ ನಕ್ಕರು.

ಅಷ್ಟು ಹೊತ್ತಿಗೆ ಸುದ್ದಿ ತಿಳಿದು ಹೊಸ ಸ್ಟ್ಯಾಂಡಿನ ಹೊಟೇಲ್ ಮಾಲಕರು ಓಣಿಗೆ ಬಂದಿದ್ದರು. ದಪ್ಪನೆಯ, ಬಿಳಿ ಅಂಗಿಯ ಮನುಷ್ಯ. ಬಾಗಿಲಲ್ಲಿ ನಿಂತು ಕಾಕಾನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಲ್ರೀ, ನೀವು ಸೀರಿ ಮಾರಾವರು. ನೀವ ಏನ್ರಿ ಅದನ್ನ ಬರಿಯೂದು?"

"ಹೌದ್ರಿ."

"ನನಗ ಚಲೋ ಐತಿ ಅಂತ ಬರದಿದ್ರಿ! ಆ ಪುಟ ಹರದು ಫ್ರೇಮ್ ಹಾಕ್ಸಿ ಗಲ್ಲೆದ ಮ್ಯಾಲೆ ತೂಗು ಹಾಕೇನಿ. ದಿನಾ ಊದಿನಕಡ್ಡಿ ಬೆಳಗ್ತೇನ್ರಿ ಅದಕ!" ಅವರ ದನಿ ನಡುವೆ ಸಣ್ಣದಾಯಿತು. "ಹಂಗಾರ ಚಲೋ ಐತಿ ಅಂದ್ರ ಏನ್ರಿ ಅರ್ಥ?"

ಕಾಕಾ ಬಾಗಿಲ ಕಡೆ ತಿರುಗಿದರು. "ನಿಮ್ಮ ಹೊಟೇಲಿನಾಗ ಗಾಳಿ ಬೆಳಕು ಖರೇನ ಚಲೋ ಅದಾವ್ರಿ ಸಾವ್ಕಾರ್ರ."

"ಊಟ?"

ಉತ್ತರ ಒಳಗಿನಿಂದ ಬಂತು. "ಊಟದ ಖಬರ ನಿಮಗ ನನಗ ಗೊತ್ತಿಲ್ಲೇನ್ರಿ ಸಾವ್ಕಾರ್ರ?" ಎಂದರು ಅವ್ವಾರು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಿಮ್ಮ ಮಧ್ಯಾಹ್ನದ ಡಬ್ಬಿ ದಿನಾ ನನ್ನ ಒಲಿಯಿಂದನ ಹೋಗ್ತೈತಲ್ಲ. ಇವತ್ತಿಂದು ಕಟ್ಟಿ ಇಟ್ಟೇನಿ, ಬಂದೀರಿ ಅಂದ ಮ್ಯಾಲೆ ನೀವ ಒಯ್ರಿ."

ಓಣಿಯಲ್ಲಿ ನಿಂತವರೆಲ್ಲ ಹೋ ಎಂದರು. ಮಾಲಕರು ಕೆಂಪಾದರು. ಆದರೆ ಮರ್ಯಾದಸ್ಥರು ಎಂದು ಕಾಕಾ ಬರೆದದ್ದರಲ್ಲಿ ತಪ್ಪಿರಲಿಲ್ಲ. ಡಬ್ಬಿ ತೆಗೆದುಕೊಂಡು, ಸಾಹೇಬರಿಗೆ ನಮಸ್ಕಾರ ಹೇಳಿ ಹೋದರು. ಆ ಚೌಕಟ್ಟು ಆಮೇಲೂ ಗಲ್ಲಾಪೆಟ್ಟಿಗೆಯ ಮೇಲೆ ತೂಗುತ್ತಲೇ ಇತ್ತು.

ಸರ್ವೆಯವರ ಊಟ ಅವ್ವಾರಿಗೆ ಸಿಕ್ಕಿತು. ಇನ್ನಿಬ್ಬರು ಹೆಂಗಸರು ಕೆಲಸಕ್ಕೆ ಬಂದರು. ಶಿಗ್ಲಿಯ ಅಣ್ಣನಿಗೆ, ಈಗ ಬರಲಾಗುವುದಿಲ್ಲ ಎಂದು ಹೇಳಿಕಳಿಸಿದರಂತೆ.

ಅಪ್ಪ ಹೇಳಿದ್ದೂ ಆಯಿತು. ಸುದ್ದಿ ಬಸ್ಸಿನಷ್ಟೇ ವೇಗದಲ್ಲಿ ಓಡಿತು. ಮುಂಡರಗಿಯಲ್ಲಿ ಕಾಕಾ ಚಹಾ ಹೇಳಿದರೆ ಕೆನೆ ತೇಲುವ ಚಹಾ ಬರತೊಡಗಿತು, ಪಕ್ಕದವರಿಗೆ ಎಂದಿನದೇ. ಶಿರಹಟ್ಟಿಯಲ್ಲಿ ಕೇಳದೆಯೇ ಮಿರ್ಚಿ ಭಜಿಯ ತಾಟು ಬಂತು, ಬಿಸಿ ಎಣ್ಣೆಯಿಂದ ಆಗಷ್ಟೇ ತೆಗೆದದ್ದು, ಹಣ ತೆಗೆದುಕೊಳ್ಳಲು ಮಾಲಕ ಒಪ್ಪಲಿಲ್ಲ. ಗದಗಿನ ಒಬ್ಬರು ಇವರು ಬಂದದ್ದು ಕಂಡು ಮೇಜಿನ ಮೇಲಿನ ಎಣ್ಣೆಬಟ್ಟೆಯನ್ನೇ ಬದಲಿಸಿದರು. ಕಾಕಾ ಪ್ರತಿ ಸಲವೂ ಹಣ ಮೇಜಿನ ಮೇಲಿಟ್ಟು ಎದ್ದು ಬರುತ್ತಿದ್ದರು. ಮನೆಗೆ ಬಂದು, "ಇನ್ನ ಆಗೂದಿಲ್ಲ" ಎನ್ನುತ್ತಿದ್ದರು. ಆದರೂ ಒಂದು ಕೊನೆಯ ಅಚ್ಚು ತಯಾರಾಯಿತು. ಅದರಲ್ಲಿ ಹೆಚ್ಚಿನದು ಪರದೆಯ ಹಿಂದೆ ಒಬ್ಬಳೇ ಕುಳಿತು ನಾನು ಉಂಡು ಬಂದದ್ದು. ಹೆಂಗಸೊಬ್ಬಳು ಇದನ್ನು ಬರೆಯಬಹುದೆಂಬ ಗುಮಾನಿ ಯಾವ ಮಾಲಕನಿಗೂ ಬರಲಿಲ್ಲ. ಆದರೆ ಲಕ್ಷ್ಮೇಶ್ವರದಲ್ಲಿ ನನ್ನ ಮುಖವನ್ನೂ ಓಣಿಯ ಮಂದಿ ಕಂಡಿದ್ದರು. ಆ ಊರಿನ ಪುಟದಲ್ಲಿ ಏನನ್ನೂ ಹಾಕಕೂಡದು ಎಂದರು ಕಾಕಾ.

"ಹೆಸರರ ಇರ್ಲಿ" ಎಂದರು ಅಪ್ಪ.

"ಊರಿನ ಹೆಸರು ಇರ್ಲಿ. ಕೆಳಗ ಖಾಲಿ ಬಿಡು."

"ಖಾಲಿ ಬಿಟ್ರ ಅಚ್ಚು ತಪ್ಪೇತಿ ಅಂತಾರ. ಒಂದು ಲಗ್ನಪತ್ರಿಕೆದ ಜಾಹೀರಾತರ…"

ಕಾಕಾ ನೋಡಿದ ನೋಟಕ್ಕೆ ಅಪ್ಪ ಮಾತು ಮುಗಿಸಲಿಲ್ಲ. ಪುಟದ ಮೇಲೆ ‘ಲಕ್ಷ್ಮೇಶ್ವರ’ ಎಂದು ಜೋಡಿಸಿ, ಕೆಳಗೆ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ತುಂಬಿದೆ. ಬಿಳಿ ಜಾಗವೂ ಖಾಲಿ ಇರುವುದಿಲ್ಲ. ಅಲ್ಲೂ ಏನಾದರೂ ಇಟ್ಟು ಬಿಗಿಯದಿದ್ದರೆ ಉಳಿದ ಅಕ್ಷರಗಳು ಉದುರುತ್ತವೆ.

ಅವ್ವಾರು ಆ ಪುಸ್ತಕ ನೋಡಿ ಕಾಕಾನನ್ನು ಕೇಳಿದರಂತೆ. "ನನ್ನನ್ನ ತಗದು ಹಾಕೀರೇನ್ರಿ ಯಣ್ಣಾ?"

"ನೀವು ನನ್ನ ಗುರುತು ಹಿಡದೀರಿ. ಇನ್ನ ನಾ ಉಂಡದ್ದು ಸಾಕ್ಷಿ ಆಗೂದಿಲ್ರಿ."

"ಆತು ಬಿಡ್ರಿ. ಸಾಕ್ಷಿ ಹೇಳಾಕ ಬ್ಯಾಡ. ಹಸಿದಾಗರ ಬರ್ರಿ."

ಕಾಕಾ ಸೀರೆ ಗಂಟು ಹೊರುವುದನ್ನು ನಿಲ್ಲಿಸುವವರೆಗೂ ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ಅಲ್ಲೇ ಉಂಡರು. ಏನು ಉಂಡೆ ಎಂದು ಮನೆಯಲ್ಲಿ ಹೇಳುವುದನ್ನು ಮಾತ್ರ ಬಿಟ್ಟರು.

ಅದಾದ ಎಷ್ಟೋ ದಿನದ ಮೇಲೆ, ನನ್ನ ಲಗ್ನವಾಗಿ ನಾನು ಮುಂಡರಗಿಗೆ ಹೋದ ನಂತರ, ಶಿರಹಟ್ಟಿಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಒಬ್ಬ ಮುದುಕರ ಕೈಯಲ್ಲಿ ಗುಲಾಬಿ ಪುಸ್ತಕ ಕಂಡಿತು. ಕೇಳಿ ತೆಗೆದುಕೊಂಡೆ. ಹೊದಿಕೆ ಬಣ್ಣ ಬಿಟ್ಟಿತ್ತು, ತಂತಿ ಜಂಗು ಹಿಡಿದಿತ್ತು. ಲಕ್ಷ್ಮೇಶ್ವರದ ಪುಟದ ಬಿಳಿ ಜಾಗ ತುಂಬ ಬೇರೆ ಬೇರೆ ಕೈಬರಹ, ಕೆಲವು ಸೀಸದ ಕಡ್ಡಿಯದು, ಕೆಲವು ನೀಲಿ ಶಾಯಿಯದು. ಪುಸ್ತಕ ಕೈಯಿಂದ ಕೈಗೆ ದಾಟಿ ಬಂದಿರಬೇಕು. ‘ಹಳೆ ಸ್ಟ್ಯಾಂಡ್ ಹಿಂದ ಓಣಿ, ಬೋರ್ಡ್ ಇಲ್ಲ, ಹೊಗಿ ನೋಡಿ ಹೋಗ್ರಿ’ ಎಂದು ಒಬ್ಬರು. ‘ಹೊತ್ತಾದ್ರ ರೊಟ್ಟಿ ತೀರತಾವ’ ಎಂದು ಇನ್ನೊಬ್ಬರು. ಅದರ ಕೆಳಗೆ ಅಂಕುಡೊಂಕು ಅಕ್ಷರಗಳಲ್ಲಿ, ‘ಸೋಮವಾರ ಪುಂಡಿಪಲ್ಲೆ ಮಾಡ್ತಾರ.’

"ನೀವು ಬರದೀರೇನ್ರಿ ಇದನ್ನ?" ಎಂದೆ.

"ಪುಂಡಿಪಲ್ಲೆದ್ದು ನಂದು" ಎಂದರು ಮುದುಕರು. "ಅಚ್ಚಿನಾವರು ಮರತಾರ ನೋಡವಾ. ಕೊಡಿಲ್ಲೆ, ನಮ್ಮೂರು ಬಂತು."